ಶಬ್ದಕಲೆಯ ಪಾರಿತೋಷಕಗಳೂ ಧ್ವನಿವಿಚಾರವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಉಂಡೆಕೊಬ್ಬರಿಗಾಗಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಿಸುವರು. ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟಮೇಲೆ ಕಾಯಿಯನ್ನು ಅಲುಗಿಸಿದರೆ ಒಳಗೆ ಸದ್ದಾಗುವುದು. ಕೊಬ್ಬರಿಯಾಯಿತೆಂದು ಕೇಳಿದವನು ತಿಳಿಯುವನು. ಇದು ಅನುಮಾನವೇ ಹೊರತು ಆಲಂಕಾರಿಕರು ಹೇಳುವ ಧ್ವನಿಯಲ್ಲ. ಕಾವ್ಯದ ವ್ಯಂಗ್ಯವೂ ಅನುಮಾನವೇ ಎಂದು ವಾದಿಸಿದ ಮಹಿಮಭಟ್ಟನು ಈ ಭೇದವನ್ನು ಒಪ್ಪಲಾರನು. ಆದರೆ ಕೊಬ್ಬರಿಯಾಯಿತೆಂದು ತಿಳಿದಮೇಲೆ ಯಾರೂ ಕಾಯಿಯನ್ನು ಮತ್ತೆ ಅಲುಗಿಸುತ್ತ ಕೂರರು. ವ್ಯಂಗ್ಯಾರ್ಥ ತಿಳಿದ ಪದ್ಯವನ್ನಾದರೋ ಮತ್ತೆ ಮತ್ತೆ ಓದುತ್ತೇವೆ. ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಧ್ವನಿವಿಚಾರವು ಹೊಸದಲ್ಲ. ವಿದ್ಯುನ್ಮಾನ ಸಂಗೀತಕ್ಕೂ ಶಬ್ದಕಲೆಗೂ ಸಲ್ಲುತ್ತಿರುವ ಪಾರಿತೋಷಕಗಳನ್ನು ಪರೀಕ್ಷಿಸಲು ಅದೇ ತಕ್ಕ ಒರೆಗಲ್ಲೆಂದು ನಮಗೆ ತೋರುತ್ತದೆ.

ಇವುಗಳಲ್ಲಿ ಪ್ರಸಿದ್ಧವಾದುದು ಆಸ್ಟ್ರಿಯದ ಲಿನ್ಜ್ ನಗರದಲ್ಲಿ ೧೯೮೭ರಲ್ಲಿ ಆರಂಭವಾದ ಪ್ರಿ ಆರ್ಸ್ ಎಲೆಕ್ಟ್ರಾನಿಕ. ಮೊದಲು ಕಂಪ್ಯೂಟರ್ ಸಂಗೀತವೆನಿಸಿದ್ದ ವರ್ಗವು ೧೯೯೯ರಲ್ಲಿ ಡಿಜಿಟಲ್ ಸಂಗೀತವಾಯಿತು. ಮುಂದೆ ಶಬ್ದಕಲೆಯೂ ಅದರೊಡನೆ ಸೇರಿತು. ೨೦೦೨ರಲ್ಲಿ ಅದರ ಸುವರ್ಣ ನೀಕಾ ಜಪಾನಿನ ಯಸುನಾವೊ ತೋನೆಗೆ ಸಂದಿತು. ಆತನು ಪ್ರಾಚೀನ ಜಪಾನೀ ಪದ್ಯಸಂಕಲನವಾದ ‘ಮನ್ಯೋಶೂ’ವಿನ ಲಿಪಿಯನ್ನು ಚಿತ್ರಗಳಾಗಿಯೂ, ಚಿತ್ರಗಳನ್ನು ಶಬ್ದವಾಗಿಯೂ ಮಾರ್ಪಡಿಸಿದನು, ಸಿ. ಡಿ.ಗೆ ರಂಧ್ರಗಳುಳ್ಳ ಅಂಟುಪಟ್ಟಿಯನ್ನು ಹಚ್ಚಿ ಯಂತ್ರವು ತಪ್ಪಾಗಿ ಓದುವಂತೆ ಮಾಡುವುದು ಅವನ ಹಳೆಯ ವಿಧಾನ. ಸಾಹಸವು ದೊಡ್ಡದು. ಆದರೆ ವಿವರಣೆಯನ್ನು ಓದದವನಿಗೆ ಆ ಕರ್ಕಶದಲ್ಲಿ ಪದ್ಯವು ಹೊಳೆಯುವುದೆ? ಹೊಳೆಯದು, ಅನುಮಾನಕ್ಕೂ ಅಲ್ಲಿ ಹೇತುವಿಲ್ಲ. ಅರ್ಥವನ್ನು ಟಿಪ್ಪಣಿಯೇ ಹೇಳಿಬಿಡುವುದರಿಂದ ಅದು ಬರಿಯ ವಾಚ್ಯ. ಯಂತ್ರದ ತೊದಲಿಗೆ ತನ್ನದೇ ಲಯವುಂಟೆಂಬುದನ್ನು ಅಲ್ಲಗಳೆಯುವಂತಿಲ್ಲ. ಮತ್ತೆ ಕೇಳಿಸಿಕೊಳ್ಳುವ ಗುಣವೇನಾದರೂ ಇದ್ದರೆ ಅದು ಅಲ್ಲಿದೆ, ಮನ್ಯೋಶೂವಿನಲ್ಲಿಲ್ಲ. ತೀರ್ಪುಗಾರರು ಕೃತಿಯನ್ನು ಮೊದಲು ಕೇಳಿ ಟಿಪ್ಪಣಿಯನ್ನು ಆಮೇಲೆ ಓದುವುದು ಲೇಸು.

ನಮ್ಮ ನಾಡಿನದೇ ಒಂದು ಉದಾಹರಣೆ ಇನ್ನೂ ವಿಚಾರಾರ್ಹವಾಗಿದೆ. ಬೆಂಗಳೂರಿನ ರಿಕ್ಕಿ ಕೇಜ್ ಅವರು ಸ್ಟೂವರ್ಟ್ ಕೋಪ್ಲಂಡರೊಡನೆ ರಚಿಸಿದ ‘ಡಿವೈನ್ ಟೈಡ್ಸ್’ ೨೦೨೨ರಲ್ಲಿ ‘ನ್ಯೂ ಏಜ್’ ಸಂಗೀತವೆಂದು ಗ್ರ್ಯಾಮಿ ಪಡೆಯಿತು. ೨೦೨೩ರಲ್ಲಿ ಅದೇ ಕೃತಿ, ಶಬ್ದವು ಕೇಳುವವನನ್ನು ಸುತ್ತುವರಿಯುವಂತೆ ಅಣಿಗೊಳಿಸಿದುದಕ್ಕಾಗಿ ಮತ್ತೊಂದನ್ನು ಪಡೆಯಿತು. ರಾಗವೂ ರಚನೆಯೂ ಹಿಂದಿನವೇ. ಶಬ್ದವು ಬರುವ ದಿಕ್ಕುಗಳು ಮಾತ್ರ ಬೇರೆ. ಇದನ್ನು ವ್ಯಾಪಾರವೆಂದು ಹಳಿಯುವುದು ಸುಲಭ. ಆದರೆ ಒಂದೇ ಪದ್ಯವನ್ನು ಇಬ್ಬರು ಗಮಕಿಗಳು ವಾಚಿಸಿದಾಗ ಬೇರೆ ಬೇರೆ ಅರ್ಥಗಳು ಹೊಳೆಯುವುದನ್ನು ಬಲ್ಲ ನಾವು ಹಾಗೆ ಹಳಿಯಲಾರೆವು. ಎರಡನೆಯ ಪಾರಿತೋಷಕದಲ್ಲಿ ಶಬ್ದವನ್ನು ಅಣಿಗೊಳಿಸಿದ ಎರಿಕ್ ಶಿಲ್ಲಿಂಗರ ಹೆಸರೂ ಸೇರಿರುವುದು ಉಚಿತವಾಗಿದೆ.