ಅಣುಶಕ್ತಿಯ ಪಾಠದಲ್ಲಿ ನೀರಿನ ಲೆಕ್ಕ ಎಲ್ಲಿ?

2033ರೊಳಗೆ ದೇಶದಲ್ಲೇ ರೂಪಿಸಿದ ಕನಿಷ್ಠ ಐದು ಸಣ್ಣ ರಿಯಾಕ್ಟರುಗಳು ನಡೆಯಬೇಕೆಂದು 2025-26ರ ಕೇಂದ್ರ ಬಜೆಟ್ 20,000 ಕೋಟಿ ರೂಪಾಯಿಯ ಮಿಷನ್ ಸಾರಿತು. ಇದರ ಜೊತೆಗೇ 220 ಮೆಗಾವಾಟಿನ 'ಭಾರತ್ ಸ್ಮಾಲ್ ರಿಯಾಕ್ಟರ್'ಗಳನ್ನು ಉಕ್ಕಿನಂಥ ಉದ್ಯಮಗಳ ಸ್ವಂತ ಬಳಕೆಗೆ ಒದಗಿಸುವ ಯೋಜನೆಯೂ ಇದೆ. ತೋರಣಗಲ್ಲಿನ ಉಕ್ಕಿನ ಕುಲುಮೆ, ಕುಡತಿನಿಯ ಕಲ್ಲಿದ್ದಲು ಸ್ಥಾವರಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡ ಹೊಸಪೇಟೆ, ಸಂಡೂರಿನ ಜನ ಇದನ್ನು ದೆಹಲಿಯ ಸುದ್ದಿ ಎಂದು ಬಿಡುವಂತಿಲ್ಲ.

ಈ ತಂತ್ರಜ್ಞಾನ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಕೈಗಾ ಅಣುಸ್ಥಾವರದಲ್ಲಿ ಈಗ ನಡೆಯುತ್ತಿರುವ ನಾಲ್ಕೂ ಘಟಕಗಳು 220 ಮೆಗಾವಾಟಿನವೇ. ಮೊದಲ ಘಟಕ 2018ರ ಕೊನೆಗೆ 962 ದಿನ ಸತತವಾಗಿ ಓಡಿ ವಿಶ್ವದಾಖಲೆ ಬರೆದದ್ದು ನಮ್ಮ ಎಂಜಿನಿಯರುಗಳ ಅಪ್ಪಟ ಸಾಧನೆ. ಅದೇ ಘಟಕದ ಗುಮ್ಮಟದ ಕಾಂಕ್ರೀಟು 1994ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕುಸಿದಿತ್ತು. ಜನರಿಗೆ ಅಣುಶಕ್ತಿಯ ಪಾಠ ಹೇಳುವ ಪ್ರಚಾರ ಮೊದಲನೆಯದನ್ನು ಹಾಡಿ ಹೊಗಳುತ್ತದೆ, ಎರಡನೆಯದನ್ನು ನುಂಗಿಕೊಳ್ಳುತ್ತದೆ. ಹೀಗೆ ಅರ್ಧ ಹೇಳಿದ್ದನ್ನು ಶಿಕ್ಷಣವೆಂದು ನಾನು ಒಪ್ಪಲಾರೆ. ಕೈಗಾ ಬೇಡವೆಂದು 1989ರ ಲೋಕಸಭಾ ಚುನಾವಣೆಗೇ ನಿಂತ ಶಿವರಾಮ ಕಾರಂತರು ಸೋತರು, ನಿಜ. ಆದರೆ ಅಣುಸ್ಥಾವರದ ಬಗ್ಗೆ ಜನ ಕನ್ನಡದಲ್ಲಿ ಪ್ರಶ್ನೆ ಕೇಳುವಂತಾದದ್ದು ಅಂಥವರಿಂದಲೇ.

ನಮ್ಮ ಸೀಮೆಯ ದೊಡ್ಡ ಪ್ರಶ್ನೆ ನೀರಿನದು. ರಿಯಾಕ್ಟರಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದ ಬಿಸಿಯನ್ನು ಹೊರಹಾಕಲು ನೀರು ಬೇಕು. ಸ್ಥಾವರ ನಿಲ್ಲಿಸಿದ ಮೇಲೂ ಇಂಧನ ಬಿಸಿ ಉಗುಳುತ್ತಲೇ ಇರುವುದರಿಂದ ತಂಪು ತಪ್ಪುವಂತಿಲ್ಲ. ಕೈಗಾಕ್ಕೆ ಕಾಳಿ ನದಿಯ ಕದ್ರಾ ಜಲಾಶಯವಿದೆ. ಇಲ್ಲಿರುವುದು ಹೂಳು ತುಂಬುತ್ತಿರುವ ತುಂಗಭದ್ರಾ ಜಲಾಶಯ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ, ತುಂಬಿದ್ದ ನೀರು ಕಣ್ಣೆದುರೇ ಹರಿದುಹೋಗುವುದನ್ನು ಕಂಡು ಕಂಪ್ಲಿಯ ಭತ್ತದ ರೈತರ ಎದೆ ಧಸಕ್ಕೆಂದಿತ್ತು. ಬೇಸಿಗೆಯಲ್ಲಿ ಕಾಲುವೆಗೋ ರಿಯಾಕ್ಟರಿಗೋ ಎಂಬ ಪ್ರಶ್ನೆ ಎದ್ದರೆ ಉತ್ತರಿಸುವವರು ಯಾರು? ವಿಕಿರಣವನ್ನು ಎಕ್ಸ್‌ರೇಗೆ ಹೋಲಿಸಿ ಸಮಾಧಾನ ಹೇಳುವ ಕರಪತ್ರದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಮಸೂದೆ ಅಣುಶಕ್ತಿ ಕ್ಷೇತ್ರಕ್ಕೆ ಖಾಸಗಿಯವರಿಗೆ ಬಾಗಿಲು ತೆರೆಯಿತು. ದೋಷದ ಯಂತ್ರ ಪೂರೈಸಿದವರಿಂದ ಪರಿಹಾರ ವಸೂಲು ಮಾಡಲು 2010ರ ಅಣು ಹೊಣೆಗಾರಿಕೆ ಕಾಯಿದೆಯಲ್ಲಿದ್ದ ದಾರಿಯನ್ನು ಕೈಬಿಟ್ಟಿತು. ಕಲ್ಲಿದ್ದಲಿನ ಹೊಗೆಯಿಂದ ಬಿಡುಗಡೆ ಬೇಕು, ಅದಕ್ಕೆ ಅಣುಶಕ್ತಿಯೂ ಒಂದು ದಾರಿ ಎಂದು ನಂಬುವ ನನಗೂ ಇದು ಸರಿಕಾಣುವುದಿಲ್ಲ.

ಈ ಭಾಗದಲ್ಲಿ ಜಾಗ ಗುರುತಿಸುವ ಮೊದಲು ಪರಿಸರ ಪರಿಣಾಮದ ಪೂರ್ತಿ ವರದಿ ಕನ್ನಡದಲ್ಲಿ ಬರಲಿ, ಸಾರಾಂಶವಷ್ಟೇ ಸಾಲದು. ಅದರಲ್ಲಿ ಏಪ್ರಿಲ್, ಮೇ ತಿಂಗಳ ತುಂಗಭದ್ರೆಯ ನೀರಿನ ಲೆಕ್ಕವಿರಲಿ. ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.