80 ಡಾಲರಿನ ಹಲ್ಲು

ಮೇರಿ ಒಟ್ಟೊ ಅವರ ‘ಟೀತ್’ (2017) ಹಲ್ಲಿನ ಬಗ್ಗೆ ಬರೆದ ಪುಸ್ತಕ ಅಂದ್ರೆ ಯಾರೂ ಕೈಗೆತ್ತಿಕೊಳ್ಳಲಿಕ್ಕಿಲ್ಲ. ಆದರೆ ಇದು ಹಲ್ಲುಜ್ಜೋದು ಹೇಗೆ ಅಂತ ಹೇಳುವ ಪುಸ್ತಕ ಅಲ್ಲ. ಅಮೆರಿಕದಲ್ಲಿ ಯಾರ ಹಲ್ಲು ಉಳಿಯುತ್ತೆ, ಯಾರದು ಉಳಿಯಲ್ಲ, ಯಾಕೆ ಅನ್ನೋದರ ತನಿಖೆ.

ಪುಸ್ತಕದ ಕೇಂದ್ರದಲ್ಲಿರೋದು ಡೆಮಾಂಟೆ ಡ್ರೈವರ್. ಮೇರಿಲ್ಯಾಂಡಿನ ಬಡ ಕುಟುಂಬದ 12 ವರ್ಷದ ಹುಡುಗ. ಹುಳುಕು ಹಲ್ಲಿನ ಬುಡದಲ್ಲಿ ಕೀವಾಗಿ, ಸೋಂಕು ಮಿದುಳಿಗೆ ಏರಿತು. ಎರಡು ಸಲ ಮಿದುಳಿನ ಆಪರೇಷನ್, ವಾರಗಟ್ಟಲೆ ಆಸ್ಪತ್ರೆ. 2007ರ ಫೆಬ್ರವರಿಯಲ್ಲಿ ತೀರಿಕೊಂಡ. ಹಲ್ಲು ಕೀಳಿಸಿದ್ದರೆ ಸುಮಾರು 80 ಡಾಲರ್ ಆಗ್ತಿತ್ತು. ಆಸ್ಪತ್ರೆ ಖರ್ಚು ಎರಡೂವರೆ ಲಕ್ಷ ಡಾಲರಿನ ಆಸುಪಾಸು. ಆಗ ‘ವಾಷಿಂಗ್ಟನ್ ಪೋಸ್ಟ್’ನಲ್ಲಿದ್ದ ಒಟ್ಟೊ ಅವರೇ ಈ ಕಥೆಯನ್ನು ವರದಿ ಮಾಡಿದ್ದು.

ಈ ಎರಡು ಅಂಕಿ ಒಮ್ಮೆ ಕೇಳಿದ್ರೆ ಮರೆಯಲ್ಲ. ನನ್ನ ತಕರಾರು ಇರೋದು ಅಲ್ಲೇ. 80 ಡಾಲರ್ ಯಾರೋ ಕೊಟ್ಟಿದ್ರೆ ಮುಗೀತಿತ್ತು ಅಂತ ಅನ್ನಿಸಿಬಿಡುತ್ತೆ. ಹಾಗಿರಲಿಲ್ಲ. ಆ ತಾಯಿಗೆ ಆಗ ದೊಡ್ಡ ಚಿಂತೆ ಡೆಮಾಂಟೆಯ ತಮ್ಮನದು. ಅವನ ಬಾಯಲ್ಲಿ ಆರು ಹಲ್ಲು ಹಾಳಾಗಿದ್ದವು. ಬಡವರ ಸರ್ಕಾರಿ ವಿಮೆ ಮೆಡಿಕೇಡ್ ಅನ್ನು ಒಪ್ಪುವ ಒಬ್ಬ ದಂತವೈದ್ಯರನ್ನು ಹುಡುಕೋಕೆ ವಕೀಲರು ನಡುವೆ ಬಂದು ಫೋನ್ ಮೇಲೆ ಫೋನ್ ಮಾಡಬೇಕಾಯ್ತು. ಮಕ್ಕಳ ಹಲ್ಲಿಗೆ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿತ್ತು. ಬಾಗಿಲು ತೆರೆಯೋ ಕ್ಲಿನಿಕ್ ಇರಲಿಲ್ಲ.

ಇದು ಯಾಕೆ ಹೀಗೆ ಅನ್ನೋದಕ್ಕೆ ಒಟ್ಟೊ ಇತಿಹಾಸಕ್ಕೆ ಹೋಗ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಈ ಭಾಗ. ಜಗತ್ತಿನ ಮೊದಲ ದಂತವೈದ್ಯ ಕಾಲೇಜು 1840ರಲ್ಲಿ ಶುರುವಾಗಿದ್ದು ಇದೇ ಮೇರಿಲ್ಯಾಂಡಿನ ಬಾಲ್ಟಿಮೋರ್‌ನಲ್ಲಿ, ವೈದ್ಯಕೀಯ ಕಾಲೇಜಿನಿಂದ ಬೇರೆಯಾಗಿ. ಡಾಕ್ಟರು ಬೇರೆ, ಡೆಂಟಿಸ್ಟು ಬೇರೆ ಆದ ಮೇಲೆ ವಿಮೆಯೂ ಬೇರೆ ಆಯ್ತು. 1965ರಲ್ಲಿ ಬಂದ, ವಯಸ್ಸಾದವರ ಮೆಡಿಕೇರ್ ಮಾಮೂಲಿ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. ಹೀಗಾಗಿ ನೋವು ತಡೆಯಲಾರದವರು ಎಮರ್ಜೆನ್ಸಿಗೆ ಓಡ್ತಾರೆ. ಅಲ್ಲಿ ಸಿಗೋದು ಆಂಟಿಬಯೋಟಿಕ್ಕು, ನೋವಿನ ಮಾತ್ರೆ. ಹಲ್ಲು ಅಲ್ಲೇ ಇರುತ್ತೆ, ಸೋಂಕು ವಾಪಸ್ ಬರುತ್ತೆ. ಕೀವು ಕುತ್ತಿಗೆಗೋ ಮಿದುಳಿಗೋ ಹೋದ ಮೇಲೆ ಮಾತ್ರ ಅದು ‘ದೇಹದ’ ಕಾಯಿಲೆ. ಆಗ ಐಸಿಯು, ಸರ್ಜನ್ ಎಲ್ಲ ಸಿಗ್ತಾರೆ.

ಒಂದು ಕೊರತೆ: ಇತಿಹಾಸಕ್ಕೂ ವರದಿಗೂ ನಡುವಿನ ಜಿಗಿತದಲ್ಲಿ ಆ ಹುಡುಗ ಆಗಾಗ ಕಣ್ಮರೆಯಾಗ್ತಾನೆ. ಆದರೆ ಅವನ ಸಾವಿನ ನಂತರದ ಬದಲಾವಣೆಗಳ ಬಗ್ಗೆ ಒಟ್ಟೊ ಸುಳ್ಳು ಸಮಾಧಾನ ಹೇಳಲ್ಲ. 2009ರಲ್ಲಿ ಮಕ್ಕಳ ವಿಮಾ ಯೋಜನೆಯಲ್ಲಿ ಹಲ್ಲಿನ ಚಿಕಿತ್ಸೆ ಕಡ್ಡಾಯವಾಯ್ತು. ದೊಡ್ಡವರಿಗೆ ಮೆಡಿಕೇಡ್‌ನಲ್ಲಿ ಅದು ಆಯಾ ರಾಜ್ಯದ ಇಷ್ಟ.

ಇಲ್ಲೂ ಎಷ್ಟೋ ಹೆಲ್ತ್ ಪಾಲಿಸಿಗಳು ರೂಟ್ ಕೆನಾಲ್‌ಗೆ ದುಡ್ಡು ಕೊಡಲ್ಲ, ಅಪಘಾತವಾಗಿ ಅಡ್ಮಿಟ್ ಆದ್ರೆ ಮಾತ್ರ ಕೊಡ್ತವೆ. ಅದನ್ನು ಬದಲಿಸಿ ಅಂತ ಕೇಳುವಾಗ ನಾವೂ ಉಳಿತಾಯದ ಲೆಕ್ಕವನ್ನೇ ಮುಂದಿಡ್ತೀವಿ. ಉಳಿತಾಯ ಆಗದಿದ್ದರೂ ಆ ಹುಡುಗನ ಹಲ್ಲು ಕೀಳಬೇಕಿತ್ತು. ನೋಯ್ತಿತ್ತು ಅನ್ನೋದು ಸಾಕಾದ ಕಾರಣ.