ಕರಗುವ ಸಾರುವೆಯ ಮೇಲೆ ರಕ್ತನಾಳ: ಒಂದು ವಿಮರ್ಶೆ

ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ನೋಡುವವರಿಗೆ, ಅದನ್ನು ಕಟ್ಟುವಾಗ ಇದ್ದಿರಬೇಕಾದ ಸಾರುವೆಯ ನೆನಪು ಬರುವುದಿಲ್ಲ. ಸಾರುವೆಯನ್ನು ಬೇಗ ಇಳಿಸಿದರೆ ಕಟ್ಟಡ ಕುಸಿಯುತ್ತದೆ; ಇಳಿಸದೆ ಬಿಟ್ಟರೆ ಅದು ಕಟ್ಟಡಕ್ಕೇ ತೊಡಕಾಗುತ್ತದೆ. ದೇಹದಲ್ಲಿ ಕರಗಿಹೋಗುವ ಪಾಲಿಮರುಗಳ ಮೇಲೆ ಹೊಸ ರಕ್ತನಾಳವನ್ನು ಬೆಳೆಸುವ ಪ್ರಯತ್ನಗಳನ್ನು ಅಳೆಯುವುದಕ್ಕೂ ಇದೇ ತಕ್ಕ ಮಾನದಂಡವೆಂದು ನಾವು ಭಾವಿಸುತ್ತೇವೆ. ಈ ಕ್ಷೇತ್ರದ ಬರಹಗಳಲ್ಲಿ ಬಹುಪಾಲು, ಸಾರುವೆ ಇರುವಾಗಿನ ಬಲವನ್ನು ಕೊಂಡಾಡಿ, ಅದು ಹೋಗುವಾಗಿನ ಸ್ಥಿತಿಯನ್ನು ಲಘುವಾಗಿ ಕಾಣುತ್ತವೆ ಎಂಬುದೇ ನಮ್ಮ ಆಕ್ಷೇಪ.

1952ರಲ್ಲಿ ವೂರ್ಹೀಸ್ ಮತ್ತು ಅವರ ಸಂಗಡಿಗರು ಬಟ್ಟೆಯ ಕೊಳವೆಯನ್ನು ಅಪಧಮನಿಯ ಸ್ಥಾನದಲ್ಲಿ ಬಳಸಬಹುದೆಂದು ತೋರಿಸಿದರು. ಮುಂದೆ ಬಂದ ಡೇಕ್ರಾನ್ ನಾಳಗಳು ದೊಡ್ಡ ಧಮನಿಗಳಲ್ಲಿ ಚೆನ್ನಾಗಿ ನಿಂತುವು. ಆದರೆ ವ್ಯಾಸವು 6 ಮಿಲಿಮೀಟರಿಗಿಂತ ಕಡಿಮೆಯಾದರೆ ಅಂಥ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಆದುದರಿಂದಲೇ ಜೀವಂತ ಗೋಡೆಯುಳ್ಳ ನಾಳದ ಅಪೇಕ್ಷೆ ಹುಟ್ಟಿತು.

ಪಾಲಿಗ್ಲೈಕೋಲಿಕ್ ಆಮ್ಲವು ನೀರಿನೊಡನೆ ವರ್ತಿಸಿ ಕೆಲವೇ ವಾರಗಳಲ್ಲಿ ಬಲಗುಂದುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಕ್ಯಾಪ್ರೊಲ್ಯಾಕ್ಟೋನುಗಳು ಬಹುಕಾಲ ಉಳಿಯುತ್ತವೆ. ಇವನ್ನು ಬೆರೆಸಿ ಕರಗುವ ಅವಧಿಯನ್ನು ರಸಾಯನಜ್ಞನು ಹೊಂದಿಸಬಲ್ಲನು. ಆದರೆ ಆ ಅವಧಿಯೊಳಗೆ ಕೊಲಾಜನ್ನನ್ನೂ ಇಲಾಸ್ಟಿನನ್ನೂ ನೇಯಬೇಕಾದುದು ಜೀವಕೋಶ. ಅದರ ವೇಗವು ವಯಸ್ಸು, ಮಧುಮೇಹ ಮೊದಲಾದುವನ್ನು ಅವಲಂಬಿಸಿದೆ. ಇಲಾಸ್ಟಿನಂತೂ ಸುಲಭವಾಗಿ ಹುಟ್ಟುವುದಿಲ್ಲ. ಎರಡು ಗಡಿಯಾರಗಳಲ್ಲಿ ಒಂದು ಮಾತ್ರ ನಮ್ಮ ಕೈಯಲ್ಲಿದೆ.

1999ರಲ್ಲಿ ನಿಕ್ಲಸನ್ ಮತ್ತು ಸಹೋದ್ಯೋಗಿಗಳು ಪಾಲಿಗ್ಲೈಕೋಲಿಕ್ ಜಾಲದ ಮೇಲೆ, ನಾಡಿಯಂತೆ ಮಿಡಿಯುವ ದ್ರವದಲ್ಲಿ, ಎಂಟು ವಾರಗಳಲ್ಲಿ ನಾಳವನ್ನು ಬೆಳೆಸಿದರು. ಅದು 2000 ಮಿಲಿಮೀಟರ್ ಪಾದರಸಕ್ಕೂ ಮಿಕ್ಕ ಒತ್ತಡವನ್ನು ತಡೆಯಿತು. ಈ ಸಂಖ್ಯೆ ಗಣನೀಯವೇ ಹೌದು. ಆದರೆ ಒಂದು ದಿನದ ಒತ್ತಡವನ್ನು ತಡೆಯುವುದು ಬೇರೆ, ವರ್ಷಗಟ್ಟಲೆ ಮಿಡಿತವನ್ನು ತಾಳುವುದು ಬೇರೆ. 2001ರಲ್ಲಿ ಶಿನೋಕ ಮತ್ತು ಸಂಗಡಿಗರು ನಾಲ್ಕು ವರ್ಷದ ಬಾಲಕಿಯ ಪುಪ್ಪುಸ ಅಪಧಮನಿಗೆ ಇಂಥ ನಾಳವನ್ನು ಜೋಡಿಸಿದುದನ್ನು ವರದಿಮಾಡಿದರು. 2010ರಲ್ಲಿ ಪ್ರಕಟವಾದ, 25 ರೋಗಿಗಳ ದೀರ್ಘ ವೀಕ್ಷಣೆಯಲ್ಲಿ ನಾಳದಿಂದ ಒಂದು ಸಾವೂ ಸಂಭವಿಸಿರಲಿಲ್ಲ. ನಾಳವು ಉಬ್ಬಿರಲಿಲ್ಲ, ಒಡೆದಿರಲಿಲ್ಲ. ಆದರೆ ನಾಲ್ವರಲ್ಲಿ ಅದು ಕಿರಿದಾಗಿ ಬಲೂನಿನಿಂದ ಹಿಗ್ಗಿಸಬೇಕಾಯಿತು. ಇವೆಲ್ಲ ಕಡಿಮೆ ಒತ್ತಡದ ಮಾರ್ಗಗಳೆಂಬುದನ್ನು ಮರೆತು ಈ ಫಲಿತಾಂಶವನ್ನು ಅಪಧಮನಿಗಳಿಗೆಲ್ಲ ಅನ್ವಯಿಸುವುದು ಅವಸರದ ತೀರ್ಮಾನವಾದೀತು.

2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಸಿಮ್ವೆಸ್ ಎಂಬ ನಾಳವು ಬೇರೊಂದು ದಾರಿ ಹಿಡಿದಿದೆ. ಅದರ ಸಾರುವೆ ಪ್ರಯೋಗಾಲಯದಲ್ಲೇ ಕರಗುತ್ತದೆ. ಜೀವಕೋಶಗಳನ್ನೂ ತೊಳೆದ ಮೇಲೆ ಉಳಿದ ಹಂದರವೇ ರೋಗಿಯನ್ನು ಸೇರುತ್ತದೆ. ಒಪ್ಪಿಗೆಯಾದರೋ ಕೈಕಾಲುಗಳ ಅಪಧಮನಿಯ ಗಾಯಗಳಿಗೆ ಮಾತ್ರ; ನಾಳ ಒಡೆಯಬಹುದೆಂಬ ಕಟ್ಟೆಚ್ಚರಿಕೆಯೂ ಅದರೊಡನಿದೆ. ಕೈಬದಲಾವಣೆಯ ಅಪಾಯವನ್ನು ರೋಗಿಯ ದೇಹದಿಂದ ಹೊರಗಿಟ್ಟ ಈ ಕ್ರಮವನ್ನು ನಾವು ವಿವೇಕಯುತವೆಂದು ಪರಿಗಣಿಸುತ್ತೇವೆ.

ಇದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನರಿಗೇನು ಎಂಬ ಪ್ರಶ್ನೆ ಅಪ್ರಸ್ತುತವಲ್ಲ. ಮೂತ್ರಪಿಂಡ ಕೆಟ್ಟು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಕೈ ಒಡ್ಡುವ ರೋಗಿಗೆ ಸೂಜಿ ಚುಚ್ಚಲು ನಂಬಿಕೆಯ ನಾಳವೊಂದು ಬೇಕು. ತನ್ನ ಅಭಿಧಮನಿಗಳೆಲ್ಲ ಸವೆದವನಿಗೆ ಈ ಸಂಶೋಧನೆ ಜೀವದ ಪ್ರಶ್ನೆಯೇ ಸರಿ. ಆದರೆ ಅವನ ನಾಳವು ಕಿರಿದಾಗುತ್ತಿದೆಯೆ ಎಂದು ಮತ್ತೆ ಮತ್ತೆ ಪರೀಕ್ಷಿಸುವವರು ಅವನ ಊರಿಗೆ ಹತ್ತಿರ ಇರಬೇಕು. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ, ಬಿಸಿಗೂ ತೇವಕ್ಕೂ ಬಲಗುಂದುವ ಪಾಲಿಮರುಗಳನ್ನು ಕಾಪಿಡುವ ವ್ಯವಸ್ಥೆಯೂ ಬೇಕು.

ಆದಕಾರಣ, ಮುಂದಿನ ವರದಿಗಳು ಮೊದಲ ದಿನದ ಬಲದ ಜೊತೆಗೆ, ಸಾರುವೆ ಅರ್ಧ ಕರಗಿದ ದಿನದ ಬಲವನ್ನೂ ಪೂರ್ಣ ಕರಗಿದ ಮೇಲಿನ ಬಲವನ್ನೂ ಕೊಡತಕ್ಕದ್ದು. ಎಳೆಯ ಆರೋಗ್ಯವಂತ ಪ್ರಾಣಿಗಳಲ್ಲದೆ ವೃದ್ಧ, ಮಧುಮೇಹಿ ಪ್ರಾಣಿಗಳಲ್ಲಿಯೂ ಪರೀಕ್ಷೆ ನಡೆಯತಕ್ಕದ್ದು. ಸಾರುವೆ ಇಳಿದ ಮೇಲೂ ನಿಂತದ್ದೇ ಕಟ್ಟಡ.